ಪ್ರಾಕ್ಟೀಸಲ್ಲಿ ವೇಗ, ರೇಸಲ್ಲಿ ಸುಸ್ತು: ಹೊಸೂರಿನ ತಂಡದ ಪ್ರಶ್ನೆಗೆ
ತೊಂದರೆ ಕಾರಿನದೊಂದೇ ಅಲ್ಲ, ನೀವು ಪ್ರಾಕ್ಟೀಸ್ ಮಾಡುವ ರೀತಿಯದೂ ಇರಬೇಕು. ಹೊಸೂರಿನಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗಿ ಪ್ರಾಕ್ಟೀಸಲ್ಲಿ ಚೆನ್ನಾಗಿ ಓಡಿಸುತ್ತೀರಿ, ಡ್ರೈವರ್ ಬದಲಿಸುತ್ತಾ ಓಡಿಸುವ ಉದ್ದದ ರೇಸಲ್ಲಿ ಮುಕ್ಕಾಲು ಗಂಟೆ ಆಗುತ್ತಲೇ ಬ್ರೇಕ್ ಪೆಡಲ್ ಮೆತ್ತಗಾಗಿ ಹಿಂದೆ ಬೀಳುತ್ತೀರಿ ಅಂದಿದ್ದೀರಿ. ಹೊಸ ಟೈರ್, ಕಾಲು ಟ್ಯಾಂಕ್, ಐದಾರು ಲ್ಯಾಪ್ ಅಂದ್ರೆ ಯಾವ ಕಾರಾದರೂ ಓಡುತ್ತದೆ, ಅಲ್ವಾ? ಟ್ಯಾಂಕ್ ತುಂಬಿದರೆ ತೂಕವೂ ಏರುತ್ತದೆ, 40 ಲೀಟರ್ ಪೆಟ್ರೋಲೇ ಸುಮಾರು 30 ಕೆಜಿ ತೂಗುತ್ತದೆ.

ಮೊದಲು ಬ್ರೇಕ್ ಫ್ಲೂಯಿಡ್ ಪೂರ್ತಿ ಬದಲಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಹೊಸದಿದ್ದಾಗ 230 ಡಿಗ್ರಿ ತಾಳುವ ಡಾಟ್ 4 ದರ್ಜೆಯ ಫ್ಲೂಯಿಡ್, ನೀರು ಹೀರಿದ ಮೇಲೆ 155ರ ಆಸುಪಾಸಿನಲ್ಲೇ ಕುದಿಯಬಹುದು, ಆಗ ಪೆಡಲ್ ಮೆತ್ತಗಾಗುತ್ತದೆ. ಬ್ರೇಕ್ ಪ್ಯಾಡ್ ವಿಪರೀತ ಕಾದಿದ್ದರೆ ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ನಿಮ್ಮದು ಫ್ಲೂಯಿಡ್ ಅಂತಲೇ ಅನಿಸುತ್ತದೆ, ಆದ್ರೂ ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ, ಪ್ಯಾಡನ್ನೂ ಬಿಚ್ಚಿ ನೋಡಿ.

ಆಮೇಲೆ ಫುಲ್ ಟ್ಯಾಂಕ್ ಹಾಕಿ, ಮಧ್ಯಾಹ್ನದ ಬಿಸಿಲಲ್ಲೇ ಒಬ್ಬ ಡ್ರೈವರ್ ಪೂರ್ತಿ ಸ್ಟಿಂಟ್, ಅಂದ್ರೆ ರೇಸಲ್ಲಿ ತನ್ನ ಸರದಿಯಷ್ಟು ಹೊತ್ತೂ, ಓಡಿಸಲಿ. ಪ್ರತಿ ಲ್ಯಾಪಿನ ಟೈಮ್ ಬರೆದಿಡಿ. ಕಾರು ನಿಂತ ಮೇಲೆ ಎಷ್ಟು ಪೆಟ್ರೋಲ್ ಹೋಯಿತು, ಟೈರ್ ಎಷ್ಟು ಸವೆಯಿತು ನೋಡಿ, ರೇಸಿನ ಮಧ್ಯೆ ಪೆಟ್ರೋಲ್, ಟೈರ್‌ಗೆ ಯಾವಾಗ ನಿಲ್ಲಬೇಕು ಅನ್ನುವ ಪಿಟ್ ಲೆಕ್ಕ ಅದರ ಮೇಲೇ ಹಾಕಿ.

ಡ್ರೈವರ್ ಬದಲಿಸುವುದನ್ನು ಊರಲ್ಲೇ, ಶೆಡ್ಡಲ್ಲೇ, ಹೆಲ್ಮೆಟ್ಟು ಗ್ಲೌಸು ಹಾಕಿಕೊಂಡೇ ಮಾಡಿ. ಬೆಲ್ಟು ಸೀಟಿನಡಿ ಸಿಕ್ಕಿಕೊಂಡೇ ಜಾಸ್ತಿ ಹೊತ್ತು ಹೋಗುವುದು, ಎಲಾಸ್ಟಿಕ್ ಕಟ್ಟಿ ಪಕ್ಕಕ್ಕೆ ಎಳೆದಿಡಿ.