ಗಂಟೆ ಹೊಡೆದರೆ ಮಗ ಬೆಚ್ಚುತ್ತಾನೆ, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನನ್ನ ಮಗ ಎರಡನೇ ಕ್ಲಾಸು. ಹೋದ ವಾರ ಶಾಲೆಯಲ್ಲಿ ಫೈರ್ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಹೊರಗೆ ಬರುವ ಅಭ್ಯಾಸ, ಮಾಡಿಸಿದ್ದಾರೆ. ಮಕ್ಕಳಿಗೂ ಹೇಳಿಲ್ಲ, ನಮಗೂ ಹೇಳಿಲ್ಲ. ಒಂದೇ ಸಮನೆ ಗಂಟೆ ಹೊಡೆದು, ಮೆಟ್ಟಿಲ ಹತ್ತಿರ ಏನೋ ಸುಟ್ಟು ಹೊಗೆ ಬೇರೆ ಹಾಕಿದ್ದರಂತೆ. ಅವತ್ತಿನಿಂದ ರಾತ್ರಿ ಎದ್ದು ಕೂರುತ್ತಾನೆ, ಕುಕ್ಕರ್ ಕೂಗಿದರೂ ಬೆಚ್ಚುತ್ತಾನೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ‘ಇದೆಲ್ಲ ಬೇಕಾ’ ಅಂತಾರೆ, ಉಳಿದವರು ‘ಮಕ್ಕಳು ಗಟ್ಟಿಯಾಗಲಿ ಬಿಡಿ’ ಅಂತಾರೆ. ಮುಂದಿನ ಸಲ ಅವನಿಗೆ ರಜೆ ಹಾಕಿಸಲಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ರಜೆ ಹಾಕಿಸಬೇಡಿ. ಶಾಲೆಯವರನ್ನು ಮಾತ್ರ ಖಂಡಿತ ಕೇಳಿ, ಹೇಳದೆ ಯಾಕೆ ಮಾಡಿದಿರಿ ಅಂತ. ಏಳು ವರ್ಷದ ಮಗುವಿಗೆ ಆಟದ ಬೆಂಕಿ ಯಾವುದು, ನಿಜದ್ದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಚಿಕ್ಕವರಿಗೆ ಹಿಂದಿನ ದಿನವೇ ಹೇಳಿ, ದಾರಿ ತೋರಿಸಿ, ನಿಧಾನಕ್ಕೆ ನಡೆಸಿಕೊಂಡು ಹೋದರೆ ಸಾಕು. ಹೊಗೆ ಹಾಕುವ ಉಸಾಬರಿ ಯಾಕೆ ಬೇಕಿತ್ತೋ!

ಹೇಳದೆ ಮಾಡುವುದಾದರೆ ದೊಡ್ಡವರಿಗೆ ಮಾಡಲಿ. ನನ್ನ ಮಗಳ ಶಾಲೆಯಲ್ಲಿ ಒಮ್ಮೆ ಹೀಗೇ ಗಂಟೆ ಹೊಡೆದು, ಮಕ್ಕಳೆಲ್ಲ ಸಾಲಾಗಿ ಚೆನ್ನಾಗಿಯೇ ಇಳಿದು ಬಂದು ನೋಡಿದರೆ ಹಿಂದಿನ ಗೇಟಿಗೆ ಬೀಗ, ಬೀಗದ ಕೈ ವಾಚ್‌ಮನ್ ಜೇಬಿನಲ್ಲಿ, ವಾಚ್‌ಮನ್ ಟೀ ಅಂಗಡಿಯಲ್ಲಿ. ನನ್ನ ಪ್ರಕಾರ ಅವತ್ತಿನ ಡ್ರಿಲ್ ಸಾರ್ಥಕ. ಟಾಯ್ಲೆಟ್‌ಗೆ ಹೋದ ಮಗುವನ್ನು ಯಾರು ಕರೆತರುತ್ತಾರೆ, ಹಾಜರಿ ಪುಸ್ತಕ ಯಾರ ಕೈಯಲ್ಲಿರುತ್ತದೆ ಅನ್ನೋದೂ ಇಂಥ ದಿನವೇ ಗೊತ್ತಾಗೋದು.

‘ಇದೆಲ್ಲ ಬೇಕಾ’ ಅನ್ನುವವರಿಗೆ ತಮಿಳುನಾಡಿನ ಕುಂಭಕೋಣಂ ನೆನಪಿಸಿ. 2004ರ ಜುಲೈ 16ರಂದು ಅಲ್ಲಿನ ಶಾಲೆಯೊಂದರ ಬಿಸಿಯೂಟದ ಅಡುಗೆಮನೆಯಿಂದ ಹೊತ್ತಿದ ಬೆಂಕಿ ಗರಿಯ ಮಾಡಿಗೆ ಹಬ್ಬಿ 94 ಮಕ್ಕಳು ಹೋದರು. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2009ರಲ್ಲಿ ತೀರ್ಪು ಬಂತು: ಶಾಲೆಗಳಲ್ಲಿ ಬೆಂಕಿ ನಂದಿಸುವ ಉಪಕರಣ ಇರಬೇಕು, ಅದನ್ನು ಬಳಸುವುದು ಶಿಕ್ಷಕರಿಗೂ ಸಿಬ್ಬಂದಿಗೂ ಕಲಿಸಿರಬೇಕು. ನಿಮ್ಮ ಶಾಲೆಯ ಗೋಡೆಯಲ್ಲಿ ಕೆಂಪು ಸಿಲಿಂಡರ್ ನೇತಾಡುತ್ತಿರಬಹುದು. ಅದರ ಪಿನ್ ಎಳೆಯಲು ಬರುವವರು ಎಷ್ಟು ಜನ? ಕೇಳಿ.

ಇನ್ನೊಂದು, ನಮ್ಮದೇ ವಿಷಯ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇದೆ ಅಂತ ಇಮೇಲ್ ಬಂತಲ್ಲ, ಹುಸಿ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಪ್ಪ ಅಮ್ಮಂದಿರು ಇದ್ದಬದ್ದ ಕೆಲಸ ಬಿಟ್ಟು ಶಾಲೆಗೆ ಓಡಿದ್ದರು. ಬೈಯೋಕೆ ಆಗುವುದಿಲ್ಲ, ನಾನಾಗಿದ್ದರೂ ಓಡುತ್ತಿದ್ದೆ. ಆದರೆ ಫೈರ್ ಇಂಜಿನ್ ಬರಬೇಕಾದ ಗೇಟಿಗೆ ನಮ್ಮ ಸ್ಕೂಟರು, ಕಾರು ಅಡ್ಡ ನಿಂತರೆ? ಡ್ರಿಲ್‌ನಲ್ಲಿ ಪೋಷಕರ ಪಾತ್ರವನ್ನು ಯಾರೂ ಅಭ್ಯಾಸ ಮಾಡಿಸುವುದೇ ಇಲ್ಲ. ಮೆಸೇಜು ಯಾವ ನಂಬರಿನಿಂದ ಬರುತ್ತದೆ, ಮಕ್ಕಳನ್ನು ಎಲ್ಲಿ ಕೊಡುತ್ತಾರೆ, ನಮ್ಮ ಬದಲು ಅಜ್ಜಿ ಬಂದರೆ ಕಳಿಸುತ್ತಾರಾ, ಇದನ್ನೆಲ್ಲ ಮೊದಲೇ ಬರೆದು ಕೊಡಿ ಅಂತ ಒತ್ತಾಯ ಮಾಡಿ.

ಈಗ ನಿಮ್ಮ ಮಗ. ‘ಏನೂ ಆಗಲ್ಲ ಬಿಡೋ’ ಅಂತ ಬಾಯಿ ಮುಚ್ಚಿಸಬೇಡಿ, ಅವತ್ತು ಏನಾಯಿತು ಅಂತ ಹತ್ತು ಸಲ ಹೇಳಿದರೂ ಕೇಳಿ. ಭಾನುವಾರ ಮನೆಯಲ್ಲೇ ಒಂದು ಡ್ರಿಲ್ ಆಗಲಿ, ಅವನೇ ಟೀಚರ್. ಹೊಗೆ ಮೇಲಕ್ಕೆ ಹೋಗುತ್ತದೆ, ಅದಕ್ಕೇ ಬಗ್ಗಿ ನಡೆಯಬೇಕು. ಲಿಫ್ಟ್ ಬೇಡ, ಮೆಟ್ಟಿಲು. ಆಟದ ಸಾಮಾನು ತರಲು ವಾಪಸ್ ಹೋಗುವ ಹಾಗಿಲ್ಲ. ಫೋನ್ ಮಾಡುವುದು 112ಕ್ಕೆ. ಅಪ್ಪ ತಪ್ಪು ಮಾಡಿದರೆ ಅವನು ಬೈಯಲಿ, ಗಂಟೆಯನ್ನೂ ಅವನೇ ಹೊಡೆಯಲಿ. ತಾನೇ ಹೊಡೆದ ಗಂಟೆಗೆ ಅಷ್ಟೊಂದು ಭಯ ಇರುವುದಿಲ್ಲ. ಮೂರ್ನಾಲ್ಕು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ಸುಮ್ನೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಇಲ್ಲವೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಮುಂದಿನ ಪೋಷಕರ ಸಭೆಗೆ ಹತ್ತು ನಿಮಿಷ ಮುಂಚೆ ಹೋಗಿ, ಅವನ ಕ್ಲಾಸಿನಿಂದ ಮೈದಾನದ ತನಕ ಅವನ ಕೈ ಹಿಡಿದು ನಡೆದು ಬನ್ನಿ. ಮೆಟ್ಟಿಲ ಕೆಳಗೆ ಮುರಿದ ಬೆಂಚು ಪೇರಿಸಿದ್ದರೆ ಫೋಟೊ ತೆಗೆದು ಗುಂಪಿಗೆ ಹಾಕಿ. ‘ಗಟ್ಟಿಯಾಗಲಿ’ ಅಂದವರೂ ಅವತ್ತು ನಿಮ್ಮ ಜೊತೆ ಹೆಡ್‌ಮಿಸ್ ರೂಮಿಗೆ ಬರುತ್ತಾರೆ, ನೋಡುತ್ತಿರಿ.