ಬರೆದೂ ಉಚ್ಚರಿಸದ ಅಕ್ಷರಗಳ ಕೆಲಸ

(ಧಾರವಾಡದ ಓದುಗರೊಬ್ಬರ ಪತ್ರದ ಸಾರ: ಕಳೆದ ಸಂಚಿಕೆಯ ಭಾಷಾಲೇಖನದಲ್ಲಿ ಒಂದೇ ಜನಾಂಗದ ಹೆಸರು ಒಮ್ಮೆ ‘ಹ್ಮೂಬ್’ ಎಂದೂ ಇನ್ನೊಮ್ಮೆ ‘ಹ್ಮೊಂಗ್’ ಎಂದೂ ಅಚ್ಚಾಗಿದೆ, ಐರಿಷ್ ಹೆಸರುಗಳ ಪಾಡೂ ಹೀಗೆಯೇ. ಬರೆಯುವುದು ಒಂದು, ಓದುವುದು ಇನ್ನೊಂದು ಆಗಿರುವ ಈ ಎರಡು ಭಾಷೆಗಳ ಬರವಣಿಗೆಯನ್ನು, ನುಡಿದಂತೆ ಬರೆಯುವ ನಮ್ಮ ಕನ್ನಡದ ಮುಂದೆ ಕ್ರಮಬದ್ಧವೆಂದು ಹೇಗೆ ಒಪ್ಪುವುದು?)

ಮಾನ್ಯರೇ,

ತಪ್ಪು ನಮ್ಮದೇ. ರೋಮನ್ ಲಿಪಿಯಲ್ಲಿ ಆ ಜನ ತಮ್ಮ ಹೆಸರನ್ನು ‘ಎಚ್, ಎಂ, ಓ, ಓ, ಬಿ’ ಎಂದು ಬರೆಯುತ್ತಾರೆ. ಅದನ್ನು ಇಂಗ್ಲಿಷಿನ ರೂಢಿಯಂತೆ ಓದಿ ‘ಹ್ಮೂಬ್’ ಎಂದು ಅಚ್ಚು ಹಾಕಿದೆವು. ಅಲ್ಲಿ ಎರಡು ‘ಓ’ಗಳು ಸೇರಿದರೆ ದೀರ್ಘಸ್ವರವಾಗುವುದಿಲ್ಲ, ಮೂಗಿನಲ್ಲಿ ಮೊಳಗುವ ಸ್ವರವಾಗುತ್ತದೆ, ಕೊನೆಯ ‘ಬಿ’ ಉಚ್ಚರಿಸುವ ಅಕ್ಷರವೇ ಅಲ್ಲ, ಆ ಪದವನ್ನು ಎತ್ತರದ ದನಿಯಲ್ಲಿ ನುಡಿಯಬೇಕೆಂಬ ಸೂಚನೆ. ಆದ್ದರಿಂದ ‘ಹ್ಮೊಂಗ್’ ಎಂಬುದೇ ಸರಿಗೆ ಹತ್ತಿರ. ಆದರೆ ತಮ್ಮ ಪತ್ರದ ಎರಡನೆಯ ಮಾತನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. ಉಚ್ಚರಿಸದ ಅಕ್ಷರವೆಲ್ಲ ವ್ಯರ್ಥವಾದ ಅಕ್ಷರವಲ್ಲ ಎಂಬುದನ್ನು ತೋರಿಸಲು ಈ ಎರಡು ಭಾಷೆಗಳಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇವೆರಡಕ್ಕೂ ರಕ್ತಸಂಬಂಧವಿಲ್ಲ. ಐರಿಷ್ ಇಂಡೋ-ಯುರೋಪಿಯನ್ ಕುಟುಂಬದ ಕೆಲ್ಟಿಕ್ ಶಾಖೆಗೆ ಸೇರಿದ್ದು. ಹ್ಮೊಂಗ್ ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡ್‌ಗಳ ಬೆಟ್ಟಸೀಮೆಯಲ್ಲಿ ಹರಡಿರುವ ಹ್ಮೊಂಗ್-ಮಿಯೆನ್ ಕುಟುಂಬದ್ದು. ಇಬ್ಬರೂ ರೋಮನ್ ಲಿಪಿಯನ್ನು ಕೈಗೆತ್ತಿಕೊಂಡಾಗ ಎದುರಾದ ತೊಡಕು ಮಾತ್ರ ಒಂದೇ ಬಗೆಯದು: ಲ್ಯಾಟಿನ್ ಭಾಷೆಯಲ್ಲಿ ಇಲ್ಲದ ಧ್ವನಿಭೇದಗಳನ್ನು ಲ್ಯಾಟಿನ್ನಿನ ಅಕ್ಷರಗಳಲ್ಲೇ ತೋರಿಸಬೇಕಿತ್ತು.

ಹ್ಮೊಂಗ್ ಭಾಷೆಯಲ್ಲಿ ಪದದ ಅರ್ಥ ನಿಲ್ಲುವುದು ದನಿಯ ಏರಿಳಿತದ ಮೇಲೆ. ಭಾಷಾವಿಜ್ಞಾನಿಗಳು ಇದನ್ನು ತಾನ ಎನ್ನುತ್ತಾರೆ. ‘ಪೊ’ ಎಂಬ ಒಂದೇ ಉಚ್ಚಾರವನ್ನು ಎತ್ತರದ ದನಿಯಲ್ಲಿ ಹೇಳಿದರೆ ಚೆಂಡು, ಏರುವ ದನಿಯಲ್ಲಿ ಹೇಳಿದರೆ ಎಸೆಯುವುದು, ತಗ್ಗಿನಲ್ಲಿ ಹೇಳಿದರೆ ಮುಳ್ಳು, ಉಸಿರು ಬೆರೆತ ದನಿಯಲ್ಲಿ ಹೇಳಿದರೆ ತಂದೆಯ ತಾಯಿ, ಗಂಟಲಲ್ಲಿ ತಟಕ್ಕನೆ ತಡೆದರೆ ನೋಡುವುದು. 1951ರಿಂದ 1953ರ ನಡುವೆ ಲಾವೋಸ್‌ನಲ್ಲಿ ವಿಲಿಯಂ ಸ್ಮಾಲಿ, ಲಿನ್‌ವುಡ್ ಬಾರ್ನಿ, ಈವ್ ಬರ್ಟ್ರೆ ಎಂಬ ಮೂವರು ಮಿಷನರಿಗಳು ಹ್ಮೊಂಗ್ ಜನರ ನೆರವಿನಿಂದ ಬರವಣಿಗೆಯೊಂದನ್ನು ರೂಪಿಸಿದಾಗ, ಅಕ್ಷರದ ಮೇಲೆ ಗೀರು ಚುಕ್ಕೆಗಳನ್ನಿಡದೆ ಈ ಭೇದಗಳನ್ನು ತೋರಿಸುವ ದಾರಿ ಕಂಡರು. ಹ್ಮೊಂಗ್ ಪದಗಳ ಕೊನೆಯಲ್ಲಿ ಮೂಗಿನ ಮೊಳಗೊಂದನ್ನು ಬಿಟ್ಟರೆ ವ್ಯಂಜನವೇ ಬರುವುದಿಲ್ಲ. ಆ ಸ್ಥಾನ ಖಾಲಿಯಿದ್ದುದರಿಂದ ಅಲ್ಲಿ ‘ಬಿ’ ಬರೆದರೆ ಎತ್ತರ, ‘ವಿ’ ಬರೆದರೆ ಏರು, ‘ಎಸ್’ ಬರೆದರೆ ತಗ್ಗು, ‘ಜಿ’ ಬರೆದರೆ ಉಸಿರುದನಿ, ‘ಎಂ’ ಬರೆದರೆ ತಡೆ ಎಂದು ಗೊತ್ತುಮಾಡಿದರು. ಮುಳ್ಳಿಗೂ ಅಜ್ಜಿಗೂ ನಡುವಣ ವ್ಯತ್ಯಾಸವನ್ನೆಲ್ಲ ಹೊತ್ತಿರುವ ಆ ಒಂದು ಅಕ್ಷರವನ್ನು ವ್ಯರ್ಥವೆನ್ನಲು ಬರುವುದಿಲ್ಲ.

ಐರಿಷ್‌ನಲ್ಲಿ ನಡೆದಿರುವುದು ಇದರ ತಿರುವುಮುರುವು. ಹ್ಮೊಂಗ್‌ನಲ್ಲಿ ಉಚ್ಚರಿಸದ ವ್ಯಂಜನಾಕ್ಷರವು ಸ್ವರದ ದನಿಯನ್ನು ಹೇಳಿದರೆ, ಐರಿಷ್‌ನಲ್ಲಿ ಉಚ್ಚರಿಸದ ಸ್ವರಾಕ್ಷರವು ಪಕ್ಕದ ವ್ಯಂಜನದ ಗುಣವನ್ನು ಹೇಳುತ್ತದೆ. ಅಲ್ಲಿ ಬಹುತೇಕ ಪ್ರತಿ ವ್ಯಂಜನಕ್ಕೂ ‘ಅಗಲ’ ಮತ್ತು ‘ತೆಳು’ ಎಂಬ ಎರಡು ರೂಪಗಳಿವೆ. ‘ಬೋ’ ಎಂದರೆ ಹಸು; ಯಕಾರದ ಛಾಯೆಯಿಂದ ‘ಬ್ಯೋ’ ಎಂದರೆ ಜೀವಂತ. ಎರಡನೆಯದರಲ್ಲಿ ‘ಬಿ’ ಮತ್ತು ‘ಓ’ಗಳ ನಡುವೆ ಬರೆಯುವ ರೋಮನ್ ‘ಇ’ (e) ಅಕ್ಷರ ಸ್ವತಃ ಸ್ವರವಾಗಿ ಕೇಳಿಸುವುದಿಲ್ಲ. ಬಕಾರ ತೆಳುವೆಂದು ತಿಳಿಸುವುದೇ ಅದರ ಕೆಲಸ.

ತಮ್ಮನ್ನು ಹೆಚ್ಚು ಕಾಡಿದ್ದು ಪದದ ಮೊದಲಲ್ಲಿ ಕಾಣುವ ಜೋಡಿ ಅಕ್ಷರಗಳೆಂದು ಪತ್ರದಿಂದ ತಿಳಿಯಿತು. ಇಲ್ಲಿ ಕನ್ನಡ ವ್ಯಾಕರಣವೇ ನಮಗೆ ದಾರಿ ತೋರಿಸುತ್ತದೆ. ‘ಮಳೆ’ಯೂ ‘ಕಾಲ’ವೂ ಸೇರಿದರೆ ‘ಮಳೆಗಾಲ’, ‘ಮೆಲ್’ ಮತ್ತು ‘ಮಾತು’ ಸೇರಿದರೆ ‘ಮೆಲ್ವಾತು’. ಆದೇಶ ಸಂಧಿಯೆಂದು ಶಾಲೆಯಲ್ಲಿ ಕಲಿತದ್ದು ಇದೇ. ಐರಿಷ್‌ನಲ್ಲಿಯೂ ಹಿಂದಿನ ಪದದ ಕಾರಣದಿಂದ ಮುಂದಿನ ಪದದ ಮೊದಲ ವ್ಯಂಜನ ಬದಲಾಗುತ್ತದೆ, ಕಕಾರ ಗಕಾರವಾಗುತ್ತದೆ, ಮಕಾರ ವಕಾರವಾಗುತ್ತದೆ. ಅಲ್ಲಿ ‘ಮಾಹಿರ್’ ಎಂದರೆ ತಾಯಿ, ‘ಮೊ ವಾಹಿರ್’ ಎಂದರೆ ನನ್ನ ತಾಯಿ. ನಾವು ಬದಲಾದ ಧ್ವನಿಯನ್ನಷ್ಟೇ ಬರೆದು ಮೂಲವನ್ನು ಓದುಗನ ನೆನಪಿಗೆ ಬಿಡುತ್ತೇವೆ. ಅವರು ಮೂಲಾಕ್ಷರವನ್ನು ಉಳಿಸಿಕೊಂಡು ಅದರ ಜೊತೆಗೆ ಬದಲಾವಣೆಯ ಗುರುತನ್ನು ಬರೆಯುತ್ತಾರೆ. ಇದು ಬರಿಯ ಉಚ್ಚಾರದ ಅನುಕೂಲವೂ ಅಲ್ಲ. ‘ಬಾದ್’ ಎಂದರೆ ದೋಣಿ. ಅವನ, ಅವಳ, ಅವರ ಎಂಬ ಮೂರಕ್ಕೂ ಐರಿಷ್‌ನಲ್ಲಿ ‘ಅ’ ಎಂಬ ಒಂದೇ ಪದವಿರುವುದರಿಂದ, ‘ಅ ವಾದ್’ ಎಂದರೆ ಅವನ ದೋಣಿ, ‘ಅ ಬಾದ್’ ಎಂದರೆ ಅವಳ ದೋಣಿ, ‘ಅ ಮಾದ್’ ಎಂದರೆ ಅವರ ದೋಣಿ ಎಂದಾಗುತ್ತದೆ. ಮೂರನ್ನೂ ಕೇಳಿದಂತೆಯೇ ಬರೆದುಬಿಟ್ಟರೆ ಮೂರು ಬೇರೆ ವಸ್ತುಗಳಂತೆ ಕಂಡಾವು. ಬಕಾರವನ್ನು ಉಳಿಸಿಕೊಂಡಿರುವ ಅವರ ಬರವಣಿಗೆಯಲ್ಲಿ ದೋಣಿ ಒಂದೇ ಎಂಬುದು ಕಣ್ಣಿಗೆ ತಿಳಿಯುತ್ತದೆ. ಈ ಜಾಣ್ಮೆ ನನಗೆ ಬಹಳ ಹಿಡಿಸಿದೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ತಮ್ಮ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಇದರರ್ಥವಲ್ಲ. ಹಳೆಯ ಐರಿಷ್ ಬರವಣಿಗೆಯಲ್ಲಿ ಶತಮಾನಗಳ ಹಿಂದೆಯೇ ಸವೆದುಹೋದ ಧ್ವನಿಗಳ ಅಕ್ಷರಗಳು ನಿಜಕ್ಕೂ ಉಳಿದುಕೊಂಡಿದ್ದವು. ಐರ್ಲೆಂಡ್ ಸಂಸತ್ತಿನ ಅನುವಾದ ವಿಭಾಗದವರು 1940ರ ದಶಕದಲ್ಲಿ ಅವುಗಳಲ್ಲಿ ಅನೇಕವನ್ನು ಕಳಚಿದರು, 1958ರಲ್ಲಿ ವ್ಯಾಕರಣವನ್ನೂ ಸೇರಿಸಿ ಅಧಿಕೃತ ಮಾನಕವನ್ನು ಪ್ರಕಟಿಸಿದರು. ಅವರು ತೆಗೆದದ್ದು ಕೆಲಸ ಕಳೆದುಕೊಂಡಿದ್ದ ಅಕ್ಷರಗಳನ್ನು. ತೆಳು ವ್ಯಂಜನದ ಗುರುತನ್ನಾಗಲಿ ಪದಾದಿಯ ಜೋಡಿ ಅಕ್ಷರವನ್ನಾಗಲಿ ತೆಗೆಯಲಿಲ್ಲ.

ಹ್ಮೊಂಗ್ ಭಾಷೆಗಿರುವುದು ರೋಮನ್ ಲಿಪಿಯೊಂದೇ ಅಲ್ಲ. ಓದುಬರಹವನ್ನೇ ಕಲಿಯದಿದ್ದ ಶಾಂಗ್ ಲೂ ಯಾಂಗ್ ಎಂಬ ರೈತ 1959ರಲ್ಲಿ ‘ಪಹಾವ್’ ಎಂಬ ಸ್ವಂತ ಲಿಪಿಯನ್ನು ರೂಪಿಸಿ ಜನರಿಗೆ ಕಲಿಸತೊಡಗಿದರು. 1971ರಲ್ಲಿ ಅವರ ಕೊಲೆಯಾಯಿತು. ನಮ್ಮ ವ್ಯಂಜನದೊಳಗೆ ಅಕಾರ ತಾನಾಗಿ ಅಡಗಿರುವಂತೆ ಅವರ ಲಿಪಿಯಲ್ಲಿ ಸ್ವರದೊಳಗೆ ಕಕಾರ ಅಡಗಿದೆ, ಮತ್ತು ನುಡಿಯುವಾಗ ನಂತರ ಬರುವ ಸ್ವರವನ್ನು ಬರೆಯುವಾಗ ಮೊದಲು ಬರೆಯುತ್ತಾರೆ. ನುಡಿದಂತೆ ಬರೆಯುವುದೊಂದೇ ಕ್ರಮವೆಂದರೆ ಇಂಥ ಲಿಪಿಯನ್ನು ಎಲ್ಲಿ ಇಡುವುದು? ‘ಮನಿ’ ಎಂದು ನುಡಿದು ‘ಮನೆ’ ಎಂದು ಬರೆಯುವ ಧಾರವಾಡದವರಾದ ತಮಗೆ ಈ ಅಂತರ ಹೊಸದಲ್ಲವೆಂದು ಭಾವಿಸಿದ್ದೇನೆ.

ಕನ್ನಡ ಲಿಪಿಯಲ್ಲಿ ತಾನದ ಗುರುತಿಲ್ಲವಾದ್ದರಿಂದ, ಇನ್ನು ಮುಂದೆ ಹ್ಮೊಂಗ್ ಪದವನ್ನು ಉದಾಹರಿಸುವಾಗ ಅದನ್ನು ಯಾವ ದನಿಯಲ್ಲಿ ನುಡಿಯಬೇಕೆಂದು ಮಾತಿನಲ್ಲೇ ತಿಳಿಸುತ್ತೇವೆ. ಐರಿಷ್ ಹೆಸರುಗಳನ್ನು ಅಕ್ಷರ ನೋಡಿ ಬರೆಯದೆ ಉಚ್ಚಾರ ಕೇಳಿ ಬರೆಯುತ್ತೇವೆ. ಕಳೆದ ಸಂಚಿಕೆಯಲ್ಲಿ ‘ಹ್ಮೂಬ್’ ಎಂದಿರುವಲ್ಲೆಲ್ಲ ‘ಹ್ಮೊಂಗ್’ ಎಂದೂ, ‘ಸಿಯೋಭಾನ್’ ಎಂದಿರುವಲ್ಲಿ ‘ಶಿವಾನ್’ ಎಂದೂ ದಯವಿಟ್ಟು ತಿದ್ದಿ ಓದಿಕೊಳ್ಳಬೇಕು.

— ಸಂಪಾದಕ