ಗದ್ದೆ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸುವ ಪದವಿ ಪ್ರಾಕ್ಟಿಕಲ್: ಉಡುಪಿಯಲ್ಲಿ ಏನು ಜಾಗ್ರತೆ ಬೇಕು?

ಪದವಿ ವಿದ್ಯಾರ್ಥಿಗಳಿಂದ ಗದ್ದೆ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸುವ ಪ್ರಾಕ್ಟಿಕಲ್ ಮಾಡಿಸಬೇಕು, ಮಣ್ಣು ತಾನೇ, ಏನಾಗುತ್ತದೆ ಎಂದು ನೀವು ಕೇಳಿದ್ದೀರಿ. ಬೇರೆ ಊರಾಗಿದ್ದರೆ ನಾನೂ ಇಷ್ಟು ಒತ್ತಿ ಹೇಳುತ್ತಿರಲಿಲ್ಲವೇನೋ. ಆದರೆ ಉಡುಪಿ, ಮಂಗಳೂರು ಕಡೆ ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕಿನ ಪ್ರಕರಣಗಳು ಕಾಣಿಸಿಕೊಳ್ಳುತ್ತವೆ, ಅದೂ ಮಳೆಗಾಲದಲ್ಲಿ ಹೆಚ್ಚು. ಅದರ ಬ್ಯಾಕ್ಟೀರಿಯಾ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಲ್ಲೈ ಒದ್ದೆ ಮಣ್ಣಿನಲ್ಲೇ ಬದುಕುತ್ತದೆ, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಸಾಮಾನ್ಯ ಅಗರ್ (ಪೋಷಕಾಂಶದ ಜೆಲ್) ಮೇಲೂ ಚೆನ್ನಾಗಿ ಬೆಳೆಯುತ್ತದೆ. ಗದ್ದೆಯಲ್ಲಿ ಚದುರಿಕೊಂಡಿದ್ದದ್ದು ಅಗರ್ ಹಾಕಿದ ಪ್ಲೇಟಿನ ಮೇಲೆ ಕೋಟಿಗಟ್ಟಲೆ ಆಗುತ್ತದೆ. ಅಪಾಯ ಇರುವುದು ಅಲ್ಲಿ.

ಹಾಗಾಗಿ ಪ್ಲೇಟಿಗೆ ಮಣ್ಣಿನ ಮಾದರಿ ಹಾಕಿದ (ಇನಾಕ್ಯುಲೇಟ್ ಮಾಡಿದ) ಕೂಡಲೇ ಪ್ಯಾರಾಫಿಲ್ಮ್ ಎಂಬ ಹಿಗ್ಗುವ ಪಟ್ಟಿ ಸುತ್ತಿ, ವಿದ್ಯಾರ್ಥಿಗಳು ಮತ್ತೆ ತೆರೆಯದೆ ಹೊರಗಿನಿಂದಲೇ ಕಾಲೊನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಎಣಿಸಲಿ. ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಗುರುತಿಸುವುದು), ಸಬ್‌ಕಲ್ಚರ್‌ಗೆ (ಹೊಸ ಪ್ಲೇಟಿಗೆ ದಾಟಿಸಿ ಬೆಳೆಸುವುದು) ಗೊತ್ತಿರುವ ನಿರಪಾಯ ಸ್ಟ್ರೈನ್ (ಬ್ಯಾಕ್ಟೀರಿಯಾ ತಳಿ) ಕೊಡಿ. ಸಾಮಾನ್ಯ ಪದವಿ ಲ್ಯಾಬು ಬಿಎಸ್‌ಎಲ್-1, ಅಂದರೆ ಜೈವಿಕ ಸುರಕ್ಷತೆಯ ಅತಿ ಕೆಳಗಿನ ಮಟ್ಟದ್ದು. ಗುರುತಿಲ್ಲದ ಕಾಲೊನಿಯನ್ನು ಅಲ್ಲಿ ಬೆಳೆಸುತ್ತಾ ಹೋಗುವುದು ಸರಿಯಲ್ಲ. ಮುಚ್ಚಳ ತೆಗೆದು ವಾಸನೆ ನೋಡುವ ಹಳೇ ಚಾಳಿಯಂತೂ ಬೇಡವೇ ಬೇಡ. ಕೈಯಲ್ಲಿ ಗಾಯವಿರುವ ಅಥವಾ ಸಕ್ಕರೆ ಕಾಯಿಲೆ ಇರುವ ವಿದ್ಯಾರ್ಥಿಗೆ ಮಣ್ಣು ಮುಟ್ಟುವ ಕೆಲಸ ಬಿಟ್ಟು ಬೇರೆ ಕೊಡಿ.

ಕೋಟು, ಗ್ಲೌಸ್, ಕೈತೊಳೆಯುವುದು ನಿಮಗೆ ಗೊತ್ತೇ ಇದೆ. ಶೇ. 70ರ ಆಲ್ಕೋಹಾಲಿನಿಂದ ಮೇಜು ಒರೆಸಿ ಅದು ಆರುವ ಮೊದಲೇ ಬರ್ನರ್ ಹಚ್ಚಬೇಡಿ; ನಮ್ಮ ಕಾಲೇಜುಗಳಲ್ಲಿ ಸೋಂಕಿಗಿಂತ ಬೆಂಕಿಯೇ ಹತ್ತಿರದ ಅಪಾಯ.

ಬಳಸಿದ ಪ್ಲೇಟುಗಳನ್ನು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೋಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿನಾಶ) ಮಾಡಿಯೇ ಹೊರಗೆ ಕಳಿಸಿ. ಹೊಸದಾಗಿ ತಯಾರಿಸಿದ ಮೀಡಿಯಾಕ್ಕೆ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಮಾಧ್ಯಮ) 15 ನಿಮಿಷ ಸಾಕು, ತುಂಬಿದ ಕಸದ ಚೀಲಕ್ಕೆ ಸಾಲದು. ಕನಿಷ್ಠ 30 ನಿಮಿಷ ಇಡಿ, ಚೀಲದ ಬಾಯಿ ಸಡಿಲವಾಗಿರಲಿ.